ಮಿಸ್ಸಿಸಿಪ್ಪಿಯಲ್ಲಿ ಮಾಲೂರಿನ ಆರ್ಕೆಸ್ಟ್ರಾ

ಹೊರಡುವ ಮುಂಚೆ: ಮಾಲೂರು

ಅಮೆರಿಕದವರು "ಈ ಕಡೆ ಬಂದರೆ ಖಂಡಿತ ಬನ್ನಿ" ಎಂದು ಬರೆದರೆ ಅದು ಬರೀ ಮರ್ಯಾದೆಯ ಮಾತು, ನಿಜವಾಗಿ ಗಂಟುಮೂಟೆ ಕಟ್ಟಿಕೊಂಡು ಹೊರಡಬಾರದು ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಕರೆದವರ ಮನೆಗೆ ಹೋಗದಿದ್ದರೆ ವರ್ಷಗಟ್ಟಲೆ ಮಾತು ಬಿಡುತ್ತಾರೆ. ಹಾಗಾಗಿ, ನಾನು ದೇವರಾಯಸಮುದ್ರದ ಕೆರೆ ಏರಿ ಮೇಲೆ ಕೂತು ಗಿಟಾರ್ ನುಡಿಸಿದ ವಿಡಿಯೊ ನೋಡಿ ಮಿಸ್ಸಿಸಿಪ್ಪಿಯ ಕರ್ಟಿಸ್ ಎಂಬ ಡ್ರಮ್ಮರ್ "ಚೆನ್ನಾಗಿದೆ, ಯಾವಾಗಲಾದರೂ ಭಾನುವಾರ ಮಧ್ಯಾಹ್ನ ನಮ್ಮಲ್ಲಿಗೆ ಬಂದು ಒಂದೆರಡು ಹಾಡು ಹಾಡು" ಎಂದು ಬರೆದಾಗ, ನಾನು ಮಾರನೆಯ ದಿನವೇ ವೀಸಾಕ್ಕೆ ಅರ್ಜಿ ಹಾಕಿದೆ.

ನಾನು ಯಾರು ಎಂದು ಕೋಲಾರ ಜಿಲ್ಲೆಯಲ್ಲಿ ಆರತಕ್ಷತೆಯ ಊಟ ಮಾಡಿದವರಿಗೆಲ್ಲ ಗೊತ್ತು. ಉಳಿದವರಿಗೆ ಹೇಳುತ್ತೇನೆ. ಹೆಸರು ಮಾಲೂರು ಮುರಳಿ. ಹಾಡು ಕಟ್ಟುತ್ತೇನೆ, ಹಾಡುತ್ತೇನೆ, ಗಿಟಾರ್ ನುಡಿಸುತ್ತೇನೆ. ಮಾಸ್ತಿಯ ಶಾಮಿಯಾನಾ ಅಂಗಡಿಯಲ್ಲಿ ಮೈಕು ಜೋಡಿಸುವ ಕೆಲಸದಿಂದ ಶುರುಮಾಡಿ, ಮೈಕಿನ ಈ ಕಡೆಯಿಂದ ಆ ಕಡೆಗೆ ಬಂದವನು. ನನ್ನ ಬಾಮೈದ, ಶ್ರೀನಿವಾಸಪುರದ ಲೋಕೇಶ, ಕೀಬೋರ್ಡ್ ನುಡಿಸುತ್ತಿದ್ದ, ಪದ ಬರೆಯುತ್ತಿದ್ದ. ನಾವಿಬ್ಬರೂ ಸೇರಿ ಮಾಡಿದ ಟೊಮ್ಯಾಟೊ ಹಾಡನ್ನು ನೀವು ಕೇಳಿಯೇ ಇರುತ್ತೀರಿ. ಕೇಳುವುದಿಲ್ಲ ಎಂದು ಕಿವಿ ಮುಚ್ಚಿಕೊಂಡರೂ ಆಟೊದವರು ಬಿಟ್ಟಿರುವುದಿಲ್ಲ.

ಬಾಕ್ಸು ತುಂಬ ಟೊಮ್ಯಾಟೊ, ಎದೆ ತುಂಬ ನೀನು
ಮಾರ್ಕೆಟ್ಟು ಬಿದ್ದರೂ ಬೀಳಲ್ಲ ನಾನು

ಇದೇ ಆ ಹಾಡು. ಇದಕ್ಕೊಂದು ತೆಲುಗು ಚರಣವೂ ಇದೆ, ಗಡಿಯಾಚೆಯ ಮದುವೆಗಳಿಗೆ. ಕೋಲಾರ, ಮುಳಬಾಗಿಲು, ಕುಪ್ಪಂ, ಪುಂಗನೂರು ಎಲ್ಲ ಕಡೆ ನಮ್ಮನ್ನು ಈ ಹಾಡಿಗಾಗಿಯೇ ಕರೆಯುತ್ತಿದ್ದರು. ಒಂದೇ ಮದುವೆಯಲ್ಲಿ ಹುಡುಗಿಯ ಕಡೆಯವರಿಗೆ ಒಂದು ಸಲ, ಹುಡುಗನ ಕಡೆಯವರಿಗೆ ಒಂದು ಸಲ, ಅಡಿಗೆಯವರು ಕೇಳಿದರೆಂದು ಇನ್ನೊಂದು ಸಲ ಹಾಡಿದ್ದೂ ಉಂಟು.

ಕಾಮಾಲೆ ಎಂದು ಆಸ್ಪತ್ರೆಗೆ ಸೇರಿದ ಲೋಕೇಶ ವಾಪಸ್ಸು ಬರಲಿಲ್ಲ. ಅವನು ಹೋದ ಮೇಲಿನ ಮೊದಲ ಕಾರ್ಯಕ್ರಮ ಮುಳಬಾಗಿಲಿನಲ್ಲಿತ್ತು. ಟೊಮ್ಯಾಟೊ ಹಾಡಿನಲ್ಲಿ ನಾನು ಒಂದು ಸಾಲು ಹಾಡಿದ ಮೇಲೆ ಅವನ ಕೀಬೋರ್ಡು ಕಿಲಕಿಲ ಎಂದು ನಗುವ ಹಾಗೆ ಒಂದು ಚೂರು ನುಡಿಸಬೇಕು. ನಾನು ಸಾಲು ಹಾಡಿದೆ. ಆ ಜಾಗ ಬಂತು. ಯಾರೂ ನುಡಿಸಲಿಲ್ಲ. ನನಗೆ ಮುಂದಿನ ಸಾಲು ಬರಲಿಲ್ಲ. ಜನ ಕರೆಂಟು ಹೋಯಿತೆಂದುಕೊಂಡರು. ಅಂದಿನಿಂದ ಆ ಹಾಡನ್ನು ನಾನು ಮುಟ್ಟಲಿಲ್ಲ.

ಆಮೇಲೆ ಫೋನಿನಲ್ಲಿ ಏನೋ ಹುಡುಕುವಾಗ ಬ್ಲೂಸ್ ಸಿಕ್ಕಿತು. ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ಹಳೆಯ ಹಾಡು. ಗಿಟಾರಿನ ಮೇಲೆ ಬೆರಳು ಮೂರೇ ಮೂರು ಕಡೆ ಕೂತರೆ ಸಾಕು. ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಂದು ಸಲ ಹಾಡುತ್ತಾರೆ, ಮೂರನೆಯದರಲ್ಲಿ ಹೊಟ್ಟೆಯಲ್ಲಿದ್ದುದನ್ನು ಹೇಳಿ ಮುಗಿಸುತ್ತಾರೆ. ಪ್ರತಿ ಸಾಲಿನ ನಂತರ ಒಂದಿಷ್ಟು ಜಾಗ ಖಾಲಿ ಬಿಡುತ್ತಾರೆ. ಆ ಖಾಲಿ ಜಾಗ ನನಗೆ ಹಿತವಾಗಿತ್ತು. ಬೋರ್‌ವೆಲ್ ಸಾಮಾನಿನ ಅಂಗಡಿಯಲ್ಲಿ ಸಣ್ಣ ಸ್ಟೀಲು ಕೊಳವೆಯ ತುಂಡೊಂದನ್ನು ಕೊಯ್ಯಿಸಿ, ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿ ಅಳಿಸುವುದನ್ನು ಕಲಿತೆ. ತಂತಿ ಅಳತೊಡಗಿತು, ಪಕ್ಕದ ಮನೆಯವರೂ ಅಳತೊಡಗಿದರು, ಮದುವೆಯವರು ಕರೆಯುವುದನ್ನು ನಿಲ್ಲಿಸಿದರು.

ನನ್ನ ಹೆಂಡತಿ ಗಿರಿಜಾ, ಲೋಕೇಶನ ಅಕ್ಕ. ಅವಳಿಗೆ ನನ್ನ ಬ್ಲೂಸ್ ಕಂಡರೆ ಆಗುವುದಿಲ್ಲ.

"ಒಂದೇ ಮಾತನ್ನ ಎರಡೆರಡು ಸಲ ಹೇಳೋದಕ್ಕೆ ನಿಮ್ಮಮ್ಮ ಇದಾರಲ್ಲ, ಅಮೆರಿಕಕ್ಕೆ ಯಾಕ್ ಹೋಗ್ಬೇಕು?" ಎಂದಳು. ಆಮೇಲೆ ನಗು ಬಿಟ್ಟು ಹೇಳಿದಳು: "ನನ್ನ ತಮ್ಮ ಬಿಟ್ಟು ಹೋಗಿರೋದು ಅದೊಂದೇ ಹಾಡು ಕಣ್ರೀ. ನೀವು ಹಾಡಲ್ಲ ಅಂದ್ರೆ ಇನ್ಯಾರು ಹಾಡ್ತಾರೆ? ನಾನೂ ಬರ್ತೀನಿ. ಅವನ ಹಾಡು ಬಿಟ್ಟು ಹಿಡಿಯೋವಂಥದ್ದು ಅಲ್ಲೇನಿದೆ ಅಂತ ನಾನೂ ನೋಡ್ತೀನಿ. ನನಗೇನೂ ಕಾಣ್ಸಿಲ್ಲ ಅಂದ್ರೆ, ಊರಿಗೆ ಬಂದು ಆ ಹಾಡು ಹಾಡ್ತೀರಿ. ಒಪ್ಪಾ?"

ಒಪ್ಪಿದೆ. ಒಪ್ಪದಿದ್ದರೆ ಪಾಸ್‌ಪೋರ್ಟು ಇದ್ದ ಬೀರುವಿನ ಬೀಗದ ಕೈ ಅವಳು ಕೊಡುತ್ತಿರಲಿಲ್ಲ.

ಅಟ್ಲಾಂಟಾ: ಅಧಿಕಾರಿಯ ಮುಂದೆ

ಗಾಜಿನ ಗೂಡಿನೊಳಗೆ ಕೂತಿದ್ದ ಅಧಿಕಾರಿ ಬೆಟ್ಟದಂಥ ಮನುಷ್ಯ. ಯಾಕೆ ಬಂದಿರಿ ಎಂದು ಕೇಳಿದ. ಬ್ಲೂಸ್ ಕೇಳುವುದಕ್ಕೆ ಎಂದೆ. ಅವನು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ.

"ಕೇಳೋದಕ್ಕೆ ಗಿಟಾರ್ ಯಾಕೆ?"

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ತನ್ನ ಇಂಗ್ಲಿಷಿನಲ್ಲಿ ನುಗ್ಗಿದಳು. ಇವರು ಗಿಟಾರ್ ಇಲ್ಲದೆ ಎಲ್ಲೂ ಹೋಗುವುದಿಲ್ಲ ಸಾರ್, ಮದುವೆಯಾದ ಮೊದಲ ರಾತ್ರಿ ಕೂಡ ಕೋಣೆಯಲ್ಲಿ ನಾವು ಮೂರು ಜನ ಇದ್ದೆವು ಎಂದಳು. ಅಧಿಕಾರಿ ಪೆನ್ನು ಕೆಳಗಿಟ್ಟ. ಇವರ ಹಾಡು ಹೇಗಿದೆ ಎಂದು ಅವಳನ್ನೇ ಕೇಳಿದ. ನೀವೇ ಹೇಳಿ ಸಾರ್, ನಿಮ್ಮ ಮಾತಾದರೂ ಕೇಳಲಿ, ಇದನ್ನು ಬಿಟ್ಟುಬಿಡು ಅಂತ ಬುದ್ಧಿ ಹೇಳಿ ಎಂದಳು. ಅವನು ಹೊಟ್ಟೆ ಕುಣಿಸಿ ನಗುತ್ತ ಮುದ್ರೆ ಒತ್ತಿದ. ನನ್ನ ಕಲೆಗೆ ಅಮೆರಿಕದಲ್ಲಿ ಸಿಕ್ಕ ಮೊದಲ ಮನ್ನಣೆ ಇದು.

ಮೆಂಫಿಸ್: ನದಿಯ ದಂಡೆ

ಮೆಂಫಿಸ್ಸಿನಲ್ಲಿ ಇಳಿದು ಕರ್ಟಿಸ್‌ಗೆ ಫೋನು ಮಾಡಿ "ಬಂದಿದ್ದೀನಿ" ಎಂದೆ. "ಎಲ್ಲಿಗೆ?" ಎಂದ. ಪಾಪ, ನಿಜವಾಗಿ ಬರುತ್ತಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೂ ಒಳ್ಳೆಯ ಮನುಷ್ಯ. ತನ್ನ ಹಳೆಯ ಪಿಕಪ್ ಗಾಡಿ ತೆಗೆದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ನದಿ ನೋಡುತ್ತಿರಿ ಎಂದ.

ನದಿ ನೋಡಿದೆವು. ನೀರು ಎಂದರೆ ನೀರು. ಆಚೆ ದಡ ಬೇರೆ ರಾಜ್ಯವಂತೆ. ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮ ಊರಿನ ಟ್ಯಾಂಕರ್ ನೀರಿಗೆ ಬಿಂದಿಗೆ ಹಿಡಿದು ನಿಲ್ಲುವ ಭಂಗಿಯಲ್ಲಿಯೇ ನಿಂತು ಅದನ್ನು ನೋಡಿದಳು.

"ಇಷ್ಟು ನೀರಿಟ್ಕೊಂಡು ಇವರಿಗೇನ್ರೀ ದುಃಖ? ಬೋರು ಕೊರೆಸಿ ಕೊರೆಸಿ ಧೂಳು ಕುಡಿದಿರೋರು ನಾವು. ಬ್ಲೂಸ್ ಹಾಡ್ಬೇಕಾದೋರು ಶ್ರೀನಿವಾಸಪುರದೋರು."

ಕರ್ಟಿಸ್ ಬಂದ ಮೇಲೆ, ಅವಳು ಹೇಳಿದ್ದನ್ನು ನಾನು ತಮಾಷೆಗೆಂದು ಅವನಿಗೆ ಹೇಳಿದೆ. ಅರವತ್ತರ ಆಸುಪಾಸಿನ, ಒಣಗಿದ ಕಟ್ಟಿಗೆಯಂತಿದ್ದ ಅವನು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಗಾಡಿ ಓಡಿಸುತ್ತ ರಸ್ತೆಯ ಎರಡೂ ಕಡೆಯ ಹತ್ತಿ ಹೊಲಗಳನ್ನು ತೋರಿಸಿದ. ಬಂಡೆಯಿಲ್ಲ, ಗುಡ್ಡವಿಲ್ಲ, ಹೊಲಕ್ಕೆ ಕೊನೆಯೇ ಇಲ್ಲ. "ನಮ್ಮ ಮುತ್ತಜ್ಜಿ ಇಲ್ಲಿ ಹತ್ತಿ ಬಿಡಿಸಿದಳು. ಹೊಲ ಬೇರೆಯವರದು. ಅವಳೂ ಬೇರೆಯವರ ಸ್ವತ್ತೇ ಅಂತ ಬರೆದಿಟ್ಟಿದ್ದರು. ನದಿ ಉಕ್ಕಿದಾಗ ಮಾತ್ರ ಆ ನೀರು ನಮ್ಮದಾಗುತ್ತಿತ್ತು, ಮನೆಯೊಳಗೇ ಬರುತ್ತಿತ್ತು" ಎಂದ.

ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಇಳಿಯುವಾಗ ಗಿರಿಜಾ ಚೀಲದಿಂದ ಚಕ್ಕುಲಿ ಡಬ್ಬಿ ತೆಗೆದು ಇಡೀ ಡಬ್ಬಿಯನ್ನೇ ಅವನ ಕೈಗಿಟ್ಟಳು. ನನಗೆ ವಿಮಾನದಲ್ಲಿ ಒಂದೇ ಒಂದು ಕೊಟ್ಟಿದ್ದಳು.

ಕ್ಲಾರ್ಕ್ಸ್‌ಡೇಲ್: ಶನಿವಾರ

ಕರ್ಟಿಸ್‌ನ ಈ ಊರಿನಲ್ಲಿ ಎಲ್ಲರೂ ಎಲ್ಲರನ್ನೂ "ಬೇಬಿ", "ಹನಿ" ಎನ್ನುತ್ತಾರೆ. ಲಾಡ್ಜಿನ ಹೆಂಗಸು ಬೀಗದ ಕೈ ಕೊಡುವಾಗ ನನ್ನನ್ನು ಬೇಬಿ ಎಂದಳು. ನಾನು ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಂಡೆ. ಅದನ್ನು ಗಮನಿಸಿದ ಗಿರಿಜಾ, "ಜಾಸ್ತಿ ಉಬ್ಬಬೇಡಿ, ಈಗ ತಾನೇ ಕಸ ತಗೊಂಡು ಹೋದ ಮುದುಕನಿಗೂ ಬೇಬಿ ಅಂದ್ಲು" ಎಂದಳು. ಮರುದಿನ ಆ ಹೆಂಗಸು ಗಿರಿಜಾಳನ್ನೇ ಬೇಬಿ ಎಂದಾಗ ಮಾತ್ರ ಇವಳ ಮುಖ ಅರಳಿತು. ಕನ್ನಡಿಯ ಮುಂದೆ ಎರಡು ಸಲ ಕುಂಕುಮ ಸರಿಮಾಡಿಕೊಂಡಳು.

ಊಟಕ್ಕೆ ಬೇಯಿಸಿದ ಸೊಪ್ಪು, ಕರಿದ ಮೀನು, ಮುಸುಕಿನ ಜೋಳದ ರವೆಯ ಗಂಜಿ. ಸೊಪ್ಪನ್ನು ಬಾಯಿಗಿಟ್ಟ ಗಿರಿಜಾ "ಅಯ್ಯೋ, ಇದು ಬಸ್ಸಾರಿನ ಸೊಪ್ಪು ಕಣ್ರೀ, ಮುದ್ದೆ ಎಲ್ಲಿ?" ಎಂದು ಬಡಿಸುವವಳನ್ನೇ ಕೇಳಿದಳು. ಮುದ್ದೆ ಏನೆಂದು ಕೈಯಲ್ಲಿ ಉಂಡೆ ಕಟ್ಟಿ ತೋರಿಸಿದಳು. ಅವರು ಎರಡು ಉಂಡೆ ಐಸ್‌ಕ್ರೀಮ್ ತಂದಿಟ್ಟರು. ಸೊಪ್ಪಿನ ಜೊತೆ ತಿಂದೆವು; ಏನು ಮಾಡುವುದು, ತಂದುಬಿಟ್ಟಿದ್ದರು.

ಭಾನುವಾರ ಮಧ್ಯಾಹ್ನ: ಮಿಸ್ ಡೋರಾ ಅವರ ಜಾಗ

ಕರ್ಟಿಸ್ ಹೇಳಿದ ಜಾಗ ರೈಲು ಹಳಿಯ ಪಕ್ಕದ ತಗಡಿನ ಮನೆ. ನಮ್ಮ ಕಡೆಯ ರೇಷ್ಮೆ ಹುಳು ಸಾಕುವ ಮನೆಯಷ್ಟೇ ಉದ್ದ, ಅಷ್ಟೇ ಕತ್ತಲು. ಒಡತಿ ಮಿಸ್ ಡೋರಾ, ಎಂಬತ್ತು ದಾಟಿದ ಹೆಣ್ಣುಮಗಳು, ತಲೆಗೆ ದೊಡ್ಡ ಹೂವಿನ ಟೋಪಿ ಹಾಕಿ ಬಾಗಿಲ ಬಳಿ ಕೂತಿದ್ದರು. ವೇದಿಕೆಯ ಮುಂದೆ ಒಂದು ಬಕೆಟ್. ಮೆಚ್ಚಿದವರು ಅದರೊಳಗೆ ನೋಟು ಹಾಕಬೇಕು. ಹಾಡುವವರಿಗಲ್ಲ, ಸೋರುವ ಚಾವಣಿಗೆ.

ಜನ ಚರ್ಚಿನಿಂದ ನೇರ ಬಂದಿದ್ದರು, ಒಳ್ಳೆಯ ಬಟ್ಟೆಯಲ್ಲೇ. ಕರ್ಟಿಸ್ ಡ್ರಮ್ಮಿನ ಹಿಂದೆ ಕೂತ. ನಾನು ಕೊಳವೆ ತುಂಡನ್ನು ಬೆರಳಿಗೇರಿಸಿ, ಮನೆಯಲ್ಲಿ ಕಷ್ಟಪಟ್ಟು ಇಂಗ್ಲಿಷಿನಲ್ಲಿ ಕಟ್ಟಿದ ನನ್ನ ಬ್ಲೂಸ್ ಶುರುಮಾಡಿದೆ. ನನ್ನವಳು ನನ್ನ ಬಿಟ್ಟು ಹೋದಳು, ರೈಲು ಹತ್ತಿ ಹೋದಳು ಎಂದು ಅದರ ಅರ್ಥ. ಎರಡನೆಯ ಸಲ "ಬಿಟ್ಟು ಹೋದಳು" ಎಂದಾಗ ಮಿಸ್ ಡೋರಾ ಬಾಗಿಲಿನಿಂದಲೇ ಕೂಗಿದರು.

"ಯಾರು ಹೋದದ್ದು?"

"ಹೆಂಡತಿ" ಎಂದೆ ಮೈಕಿನಲ್ಲಿ.

"ಅಲ್ಲೇ ಕೂತಿದ್ದಾಳಲ್ಲ?"

ಎಲ್ಲರೂ ಮೊದಲ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ಗಿರಿಜಾಳ ಕಡೆ ತಿರುಗಿದರು. ಅವಳು ಕೈಯೆತ್ತಿ ಹಾಜರಿ ಹೇಳಿದಳು. ಆ ನಗು ನಿಲ್ಲುವ ಹೊತ್ತಿಗೆ ನನ್ನ ಹಾಡು ಮುಗಿದಿತ್ತು. ಚಪ್ಪಾಳೆ ಬಿತ್ತು, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಬೀಳುವಂಥದ್ದು. ನನಗೆ ಅವಮಾನವಾಯಿತು. ಇಷ್ಟು ದೂರ ಬಂದು ಇವರ ಹಾಡನ್ನು ಇವರಿಗೇ ಕೆಟ್ಟದಾಗಿ ಹಾಡಿ ತೋರಿಸಿದೆನಲ್ಲ ಎನ್ನಿಸಿತು. ಗಿರಿಜಾ ಮುಖ ನೋಡಿದೆ. ಪಂದ್ಯ ಗೆದ್ದವಳ ಮುಖ.

ಎರಡನೆಯ ಹಾಡು, ಅದರಲ್ಲೂ ಅವಳು ರೈಲು ಹತ್ತಿಯೇ ಹೋಗುತ್ತಾಳೆ, ಅರ್ಧಕ್ಕೆ ಬಂದಿತ್ತು. ನೀಲಿ ಟೋಪಿಯ ದಪ್ಪ ಮನುಷ್ಯನೊಬ್ಬ ಎದ್ದು ಬಂದು ಬಕೆಟ್ಟಿಗೆ ನೋಟು ಹಾಕಿದ. ಬಹುಶಃ ಪಾಪ ಅನ್ನಿಸಿರಬೇಕು. ಅವನು ನೋಟು ಹಾಕಿದ್ದೇ ತಡ, ನನ್ನ ಕೈ ತಾನಾಗಿಯೇ ಮೇಲೆದ್ದಿತು, ಹಾಡು ನಿಂತಿತು.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕೋಲಾರದ ಕಡೆ ಆರ್ಕೆಸ್ಟ್ರಾ ನಡೆಯುವಾಗ ಯಾರಾದರೂ ಬಂದು ನೋಟು ಕೊಟ್ಟರೆ, ಗಾಯಕ ಎಲ್ಲಿದ್ದಾನೋ ಅಲ್ಲಿಗೇ ಹಾಡು ನಿಲ್ಲಿಸಿ, ಕೊಟ್ಟವರ ಹೆಸರು, ಊರು, ಮದುಮಕ್ಕಳಿಗೆ ಏನಾಗಬೇಕು ಎಲ್ಲವನ್ನೂ ಮೈಕಿನಲ್ಲಿ ಹೇಳಿ, ಧನ್ಯವಾದ ಅರ್ಪಿಸಿ, ಬಿಟ್ಟ ಅಕ್ಷರದಿಂದಲೇ ಹಾಡು ಮುಂದುವರಿಸಬೇಕು. ಹೇಳದಿದ್ದರೆ ದೊಡ್ಡ ರಾದ್ಧಾಂತ. ಆವನಿಯ ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವನ ಹೆಸರು ಬಿಟ್ಟುಹೋಗಿ, ಅವರು ಹೋಗಿ ಜನರೇಟರಿನ ವೈರು ಕಿತ್ತು ಅದರ ಮೇಲೆ ಕೂತಿದ್ದರು. ಹಾಗಾಗಿ ಇದು ನನಗೆ ಉಸಿರಾಟದ ಹಾಗೆ ಆಗಿಹೋಗಿದೆ.

"ಒಂದು ನಿಮಿಷ. ತಮ್ಮ ಹೆಸರು ಸಾರ್? ಯಾವ ಊರು?" ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

ಆ ಮನುಷ್ಯ ತಾನೇನೋ ತಪ್ಪು ಮಾಡಿದೆನೆಂದು ಹೆದರಿದ. "ಲೀರಾಯ್. ಹಳಿಯ ಆಚೆ ಮನೆ" ಎಂದ.

"ಹಳಿಯಾಚೆಯ ಶ್ರೀಯುತ ಲೀರಾಯ್ ಅವರು ಈ ಹಾಡನ್ನು ಮೆಚ್ಚಿ ಚಾವಣಿಗೆ ಕಾಣಿಕೆ ಕೊಟ್ಟಿದ್ದಾರೆ. ಅವರಿಗೂ ಅವರ ಕುಟುಂಬಕ್ಕೂ ನಮ್ಮ ತಂಡದ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು."

ನಮ್ಮ ತಂಡ ಎಂದರೆ ನಾನು, ಮತ್ತು ಬಾಯಿ ತೆರೆದುಕೊಂಡು ಕೂತಿದ್ದ ಕರ್ಟಿಸ್. ಆದರೂ ಅವನ ಕೈ ನಿಂತಿರಲಿಲ್ಲ. ಸಣ್ಣಗೆ ತಾಳ ಹಾಕುತ್ತಲೇ ಇದ್ದ. ನಾನು ಬಿಟ್ಟ ಅಕ್ಷರದಿಂದ ಹಾಡು ಮುಂದುವರಿಸಿದೆ. ಆಮೇಲೆ ನಾನೇನು ಮಾಡಿದೆನೆಂದು ನನಗೇ ಹೊಳೆದು ಕಿವಿ ಬಿಸಿಯಾಯಿತು.

ಆದರೆ ಹಿಂದಿನಿಂದ ಯಾರೋ "ಲೀರಾಯ್!" ಎಂದು ಕೂಗಿದರು. ಇನ್ನಿಬ್ಬರು ಕೂಗಿದರು. ಲೀರಾಯ್ ಟೋಪಿ ತೆಗೆದು ನಾಲ್ಕೂ ಕಡೆ ಬಾಗಿದ. ತಕ್ಷಣ ಅವನ ಪಕ್ಕದವನು ಎದ್ದ. ಅವನ ಹಿಂದೆ ಇನ್ನೊಬ್ಬಳು. ಮನುಷ್ಯರಿಗೆ ತಮ್ಮ ಹೆಸರು ಮೈಕಿನಲ್ಲಿ ಕೇಳುವ ಚಪಲ ಮುಳಬಾಗಿಲಿನಲ್ಲಿ ಮಾತ್ರ ಎಂದುಕೊಂಡಿದ್ದೆ, ತಪ್ಪು. ನಾನು ಒಂದು ಸಾಲು ಹಾಡುವುದು, ನಿಲ್ಲಿಸುವುದು, ಹೆಸರು ಕೂಗುವುದು, ಜನ ಆ ಹೆಸರನ್ನು ತಿರುಗಿ ಕೂಗುವುದು. ಸೊಪ್ಪು ಬಡಿಸಿದ್ದ ಹೆಂಗಸು ಕೂಡ ಬಂದು, ಹೆಸರಿನ ಜೊತೆ ಐಸ್‌ಕ್ರೀಮಿನ ವಿಷಯ ಹೇಳಬೇಡ ಎಂದು ಕೇಳಿಕೊಂಡಳು. ಹೇಳಿದೆ.

ಆಮೇಲೆ ಕರಿ ಕೋಟಿನ ಮುದುಕಿಯೊಬ್ಬರು ನಿಧಾನವಾಗಿ ಬಂದರು. ನೋಟು ಹಾಕಿ, ನನ್ನ ಹೆಸರು ಬೇಡ ಎಂದರು. "ನನ್ನ ಮಗನ ಹೆಸರು ಹೇಳು. ಹೆನ್ರಿ. ಈಗಿಲ್ಲ." ಹೇಳಿದೆ. ಈ ಸಲ ಜನ ನಗಲಿಲ್ಲ. ಇಡೀ ಮನೆ "ಹೆನ್ರಿ" ಎಂದಿತು, ದೊಡ್ಡದಾಗಿಯೇ. ಅಲ್ಲಿಂದ ಮುಂದೆ ಬಂದವರೆಲ್ಲ ಬೇರೆಯವರ ಹೆಸರನ್ನೇ ಕೊಡತೊಡಗಿದರು. ಅಣ್ಣ. ಮೊದಲ ಹೆಂಡತಿ. ಕರ್ಟಿಸ್ ಡ್ರಮ್ಮಿನ ಹಿಂದಿನಿಂದಲೇ ತನ್ನ ಮುತ್ತಜ್ಜಿಯ ಹೆಸರು ಹೇಳಿದ. ನನ್ನ ಇಂಗ್ಲಿಷ್ ಬ್ಲೂಸನ್ನು ಯಾರೂ ಕೇಳುತ್ತಿರಲಿಲ್ಲ, ನನಗೂ ಅದರ ಮೇಲೆ ಗಮನವಿರಲಿಲ್ಲ. ರೈಲು ಹತ್ತಿ ಹೋದವಳು ಎಲ್ಲಿ ಹೋದಳೋ.

ಸಾಲಿನ ಕೊನೆಯಲ್ಲಿ ಗಿರಿಜಾ ನಿಂತಿದ್ದಳು.

ಎಲ್ಲರ ಹಾಗೆ ಸರದಿಯಲ್ಲಿ ಬಂದಳು. ಪರ್ಸಿನಿಂದ ನೋಟು ತೆಗೆದು ಬಕೆಟ್ಟಿಗೆ ಹಾಕಿದಳು. ನಾನು ಮೈಕು ಸ್ವಲ್ಪ ದೂರ ಸರಿಸಿ ಮೆಲ್ಲಗೆ, "ಏನೇ ಇದು?" ಎಂದೆ.

"ಕೇಳಿ. ಎಲ್ಲರನ್ನೂ ಕೇಳಿದ್ರಲ್ಲ, ನನ್ನನ್ನೂ ಕೇಳಿ."

"ಯಾರ ಕಡೆಯಿಂದ?"

"ನಿಮಗೆ ಗೊತ್ತಿಲ್ವಾ?"

"ಗೊತ್ತು. ಕೊಟ್ಟೋರೇ ಹೇಳ್ಬೇಕು, ಅದು ಪದ್ಧತಿ."

"ಶ್ರೀನಿವಾಸಪುರದ ಲೋಕೇಶ" ಎಂದಳು. "ನನ್ನ ತಮ್ಮ. ಅವನ ಹಾಡು ಹಾಡದೇ ಇರೋರಿಗೆ ಅವನು ಕೊಡ್ತಾ ಇದಾನೆ ಅಂತ ಹೇಳಿ."

ಅವನು ಹೋದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. "ಅವನು" ಎನ್ನುತ್ತಿದ್ದೆವು, ಅಷ್ಟೇ. ನಾನು ಮೈಕು ಹತ್ತಿರ ತಂದೆ. "ಶ್ರೀನಿವಾಸಪುರದ ಶ್ರೀಯುತ ಲೋಕೇಶ್ ಅವರು" ಎಂದೆ. ಕನ್ನಡದಲ್ಲೇ ಬಂತು. ಮುಂದಿನದು ಬರಲಿಲ್ಲ. ಜನ ಕಾಯಲಿಲ್ಲ. "ಲೋಕೇಶ್!" ಎಂದರು, ಇಡೀ ತಗಡಿನ ಮನೆ ಅದುರುವ ಹಾಗೆ. ಲೀರಾಯ್ ಎಲ್ಲರಿಗಿಂತ ಜೋರಾಗಿ ಕೂಗಿದ. ನನಗೆ ಅಳು ಬಂತು. ಗಿಟಾರ್ ಇದ್ದುದರಿಂದ ಮುಖ ಬಗ್ಗಿಸಿಕೊಳ್ಳಲು ಒಂದು ನೆಪ ಸಿಕ್ಕಿತು.

ಆಮೇಲೆ ಟೊಮ್ಯಾಟೊ ಹಾಡು ಹಾಡಿದೆ. ಮದುವೆ ಮನೆಯ ಓಟದಲ್ಲಿ ಅದು ಬರಲಿಲ್ಲ. ಕರ್ಟಿಸ್ ಹಿಡಿದಿದ್ದ ಆ ನಿಧಾನದ ತಾಳದಲ್ಲೇ ಬಂತು. ಬಾಕ್ಸು ತುಂಬ ಟೊಮ್ಯಾಟೊ, ಎದೆ ತುಂಬ ನೀನು. ಸಾಲು ಮುಗಿಯಿತು. ಕೀಬೋರ್ಡು ನಗಬೇಕಾದ ಜಾಗ ಬಂತು. ಆ ಜಾಗದಲ್ಲಿ ಬಾಗಿಲ ಬಳಿಯಿಂದ ಮಿಸ್ ಡೋರಾ "ಹ್ಞೂಂ, ಆಮೇಲೆ?" ಎನ್ನುವ ಧಾಟಿಯಲ್ಲಿ ಏನೋ ಅಂದರು. ಅವರಲ್ಲಿ ಅದು ರೂಢಿ, ಹಾಡುವವನನ್ನು ಒಂಟಿ ಬಿಡುವುದಿಲ್ಲ. ಆಮೇಲೆ ಏನು ಎಂದು ಹೇಳಲೇಬೇಕಾಯಿತು. ಮಾರ್ಕೆಟ್ಟು ಬಿದ್ದರೂ ಬೀಳಲ್ಲ ನಾನು. ಇಷ್ಟು ವರ್ಷ ಜನ ಈ ಸಾಲಿಗೆ ನಕ್ಕಿದ್ದರು, ಬರೆದವನೂ ನಗಿಸಲಿಕ್ಕೇ ಬರೆದಿದ್ದ. ಗಿರಿಜಾ ಬಕೆಟ್ಟಿನ ಪಕ್ಕದಲ್ಲೇ ನಿಂತು ತೆಲುಗು ಚರಣವನ್ನು ಶ್ರುತಿಯಿಲ್ಲದೆ, ಪೂರ್ತಿ ಹಾಡಿದಳು. ಕರಿ ಕೋಟಿನ ಅಜ್ಜಿ ಅವಳ ಕೈ ಹಿಡಿದುಕೊಂಡಿದ್ದರು.

ಮುಗಿದ ಮೇಲೆ ಲೀರಾಯ್ ಬಂದು, ಯಾವುದರ ಬಗ್ಗೆ ಆ ಹಾಡು ಎಂದು ಕಣ್ಣೊರೆಸಿಕೊಳ್ಳುತ್ತ ಕೇಳಿದ. ಟೊಮ್ಯಾಟೊ ಎಂದೆ. ಅವನು ನನ್ನ ಭುಜ ತಟ್ಟಿ, ಅರ್ಥವಾಗುತ್ತದೆ ಎಂದ. ಏನು ಅರ್ಥವಾಯಿತೋ ನಾನು ಕೇಳಲಿಲ್ಲ.

ಸೋಮವಾರ: ಹೊರಡುವ ಹೊತ್ತು

ಬೆಳಿಗ್ಗೆ ಪಂದ್ಯದ ವಿಷಯ ಎತ್ತಿದೆ. ಬ್ಲೂಸ್ ಹಾಡಿದ್ದೇನೆ, ಎಲ್ಲರೂ ಅತ್ತರು, ನಾನು ಗೆದ್ದೆ ಎಂದೆ.

"ಸರಿಪೋಯಿಂದಿ" ಎಂದಳು ಗಿರಿಜಾ. ಜಗಳಕ್ಕೆ ನಿಂತರೆ ಅವಳು ತೆಲುಗಿಗೆ ಇಳಿಯುತ್ತಾಳೆ. "ನೀವು ಹಾಡಿದ್ದು ನನ್ನ ತಮ್ಮನ ಹಾಡು. ಊರಿಗೆ ಬಂದು ಹಾಡ್ತೀರಿ ಅಂದಿದ್ದೆ, ಇಲ್ಲೇ ಹಾಡಿಬಿಟ್ರಿ. ಗೆದ್ದೋಳು ನಾನು."

ಈ ಜಗಳ ಈಗಲೂ ನಡೆಯುತ್ತಿದೆ. ನಾನು ಆ ಹಾಡನ್ನು ಮತ್ತೆ ಹಾಡುತ್ತಿದ್ದೇನೆ, ನಿಧಾನದ ತಾಳದಲ್ಲೇ. ಮದುವೆಯವರು ಅರ್ಧ ಜನ ಬೈಯುತ್ತಾರೆ, ಅರ್ಧ ಜನ ಊಟ ಬಿಟ್ಟು ಬಂದು ಕೂರುತ್ತಾರೆ.

ಕರ್ಟಿಸ್ ನಮ್ಮನ್ನು ಮೆಂಫಿಸ್‌ಗೆ ಬಿಡಲು ಗಾಡಿ ತಂದ. ದಾರಿಯಲ್ಲಿ ಮಿಸ್ ಡೋರಾ ಅವರಿಗೆ ಹೇಳಿ ಹೋಗೋಣವೆಂದು ನಿಂತೆವು. ಹಗಲು ಬೆಳಕಿನಲ್ಲಿ, ಟೋಪಿಯಿಲ್ಲದೆ, ಅವರು ಇನ್ನೂ ಸಣ್ಣಗೆ ಕಂಡರು. ಮೆಟ್ಟಿಲಿಳಿದು ಬಂದು ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. ನಿನ್ನೆ ಅಷ್ಟು ಹೆಸರುಗಳ ನಡುವೆ ನನ್ನ ಹೆಸರನ್ನು ನಾನೇ ಹೇಳಿಕೊಂಡಿರಲಿಲ್ಲ. ಅವರು ಜೋರಾಗಿ ಕೇಳಿದ್ದ ಪರದೇಶದ ಹೆಸರು ಒಂದೇ.

"ಮತ್ತೆ ಬಾ, ಲೋಕೇಶ್" ಎಂದರು. "ಬರ್ತೀಯ ತಾನೇ?"

ನಾನು ತಿದ್ದಲು ಬಾಯಿ ತೆರೆದೆ. ಗಿರಿಜಾ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಆಮೇಲೆ ಮುಂದೆ ಹೋಗಿ ಆ ಮುದುಕಿಯ ಕೈಗಳನ್ನು ತನ್ನ ಕೈಗಳೊಳಗೆ ತೆಗೆದುಕೊಂಡು, ಕನ್ನಡದಲ್ಲೇ ಹೇಳಿದಳು.

"ಬರ್ತಾನೆ ಕಣಮ್ಮ. ನಾವೇ ಕರ್ಕೊಂಡು ಬರ್ತೀವಿ."